ಮಾಮಾಗ ಜೋಡಿ ನಳಿಗಿ ರೈಫಲ್ ಬೇಕಂತ: ಹಳೇ .470 ತಗೊಳ್ಳೋದಾ, ಹೊಸಾ .500 ತಗೊಳ್ಳೋದಾ?

ಭಾಲ್ಕಿ_ಹುಡುಗ

ಎಲ್ಲರಿಗೂ ಶರಣು. ಮೊದಲೇ ಹೇಳಿಬಿಡ್ತೀನಿ, ಇದು ನಮ್ಮ ದೇಶದಾಗಿನ ಮಾತಲ್ಲ. ನಮ್ಮ ಸೋದರಮಾವ ಟಾಂಜಾನಿಯಾದ ಅರುಷಾದಾಗ ಇಪ್ಪತ್ತೆರಡು ವರ್ಷದಿಂದ ಅದಾರ. ನೀರಿನ ಪಂಪಿನ ಅಂಗಡಿ. ಈ ಸಲ ಸೀಜನ್‌ಗೆ ಕಾಡುಕೋಣದ ಪರ್ಮಿಟ್ ಮಾಡಿಸ್ಯಾರ, ಸಂಗಟ ಅಲ್ಲಿನ ಲೈಸನ್ಸ್ ಇದ್ದ ಶಿಕಾರಿ ಗೈಡ್ ಇರ್ತಾನ. ಎಲ್ಲಾ ಕಾಗದ ಬರೋಬ್ಬರಿ ಅವ.

ಮಾಮಾಂದು ಒಂದೇ ಹಠ, ಜೋಡಿ ನಳಿಗಿ ರೈಫಲ್ಲೇ ಆಗಬೇಕು. ಸಣ್ಣವರಿದ್ದಾಗ ಬೀದರದಾಗ ಯಾರದೋ ದೊಡ್ಡ ಮನಿ ಗ್ವಾಡಿ ಮ್ಯಾಲ ತೂಗುಹಾಕಿದ್ದು ನೋಡಿದ್ರಂತ. ಅವತ್ತಿನಿಂದ ತಲ್ಯಾಗ ಕುಂತದ. ಈಗ ಅವರ ಮುಂದ ಮೂರು ಅವ (ಅಂಕಿ ಅಂದ್ರ ಗುಂಡಿನ ಅಳತಿ, ಹತ್ರಹತ್ರ ಇಂಚಿನ ಲೆಕ್ಕದಾಗ):

ಒಂದು, ಹಳೇ ಇಂಗ್ಲೆಂಡಿನ .470, ಎರಡು ಮಹಾಯುದ್ಧದ ನಡುವಿನ ಕಾಲದ್ದು. ನೋಡ್ಲಕ್ಕ ಮದಲಗಿತ್ತಿ ಹಂಗ ಅದ. ಎರಡು, ಜರ್ಮನಿದು .500, ಹತ್ರಹತ್ರ ಹೊಸದು. ಮೂರನೇದು ಒಂದೇ ನಳಿಗಿದು, ಪ್ರತಿ ಗುಂಡಿಗಿ ಬೋಲ್ಟ್ ಎಳೆಯೋ .375. ಇದು ನಮ್ಮ ಅತ್ತಿ ಹೇಳಿದ್ದು, ಯಾಕಂದ್ರ ಒಂದು ಜೋಡಿ ನಳಿಗಿ ದುಡ್ಡಿನಾಗ ಅಂಥವು ನಾಲ್ಕು ಬರ್ತಾವ.

ನಾನು ಎನ್‌ಸಿಸಿದಾಗ ಪಾಯಿಂಟ್ ಟೂ ಟೂ ಹೊಡದೀನಿ ಅಂತ ಮಾಮಾ ನನಗ ದೊಡ್ಡ ತಜ್ಞ ಮಾಡಿಟ್ಟಾರ. ದಯಮಾಡಿ ಮರ್ಯಾದಿ ಉಳಸ್ರಿ.

ಚಿಂಚೋಳಿ_ತೋಳ

ಇದ್ದ ಪ್ರಾಣಿ ಕ್ಯಾಮೆರಾದಾಗ ಹಿಡಿಲಕ್ಕ ನಾವು ರಾತ್ರಿಯೆಲ್ಲಾ ನಿದ್ದಿಗೆಡ್ತೀವಿ. ನೀವು ದುಡ್ಡು ಕೊಟ್ಟು ವಿಮಾನ ಹತ್ತಿ ಹೋಗಿ ಹೊಡೀತೀರಿ. ನವಾಬರು ಹೋಗಿ ಎಪ್ಪತ್ತೈದು ವರ್ಷ ಆತು, ಹುಚ್ಚು ಹೋಗ್ಲಿಲ್ಲ.

ನಿವೃತ್ತ_ಆರ್‌ಎಫ್‌ಒ

ತೋಳ ಅವರೇ, ನಿಮ್ಮ ಸಿಟ್ಟು ನನಗೂ ಅರ್ಥವಾಗುತ್ತದೆ. ನಾನು ಮೂವತ್ತು ವರ್ಷ ಅರಣ್ಯ ಇಲಾಖೆಯ ಖಾಕಿ ಹಾಕಿದವನು. ಆದರೆ ಅವರು ಕೇಳಿದ್ದು ಪರವಾನಗಿ ಇರುವ ದೇಶದ ವಿಷಯ.

ಇಲ್ಲಿಯವರಿಗಾಗಿ ಎರಡು ಸಾಲು ಹೇಳಿ ಸುಮ್ಮನಾಗುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಈಗ ನಮ್ಮಲ್ಲಿ ಶೋಕಿಯ ಬೇಟೆ ಎಂಬುದೇ ಇಲ್ಲ. ನರಭಕ್ಷಕ ಪ್ರಾಣಿಯಾದರೂ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಆದೇಶವಿಲ್ಲದೆ ಯಾರೂ ಬಂದೂಕು ಎತ್ತುವಂತಿಲ್ಲ. ಕೃಷ್ಣಮೃಗ ಕಡಲೆ ಹೊಲ ಮೇಯಿತು ಎಂದು ಹೊಡೆದು ಜೈಲು ಸೇರಿದವರನ್ನು ಕಣ್ಣಾರೆ ಕಂಡಿದ್ದೇನೆ. ನಿಮ್ಮ ಮಾಮ ಆ ರೈಫಲ್ ಊರಿಗೆ ತರುವ ಆಸೆ ಇಟ್ಟುಕೊಂಡಿದ್ದರೆ ಅದನ್ನು ಅರುಷಾದಲ್ಲೇ ಬಿಡಲಿ.

ತೊಗರಿ_ಕಣಜ

ಸಾಹೇಬ್ರ, ಕಾಡುಕೋಣ ಹಂಗಿರ್ಲಿ. ನಮ್ಮ ಕಬ್ಬಿನಾಗ ದಿನಾ ಹಂದಿ ಹಿಂಡು ಮಲಗ್ತದ. ಬೆಳಿ ಕಾಯಲಕ್ಕ ಇದ್ದ ಒಂದು ಸಿಂಗಲ್ ನಳಿಗಿ ಬಂದೂಕು ಇಲೆಕ್ಷನ್ ಬಂತಂದ್ರ ಠಾಣೆಕ್ಕ ಜಮಾ. ಗ್ರಾಮ ಪಂಚಾಯ್ತಿ, ಜಿಲ್ಲಾ ಪಂಚಾಯ್ತಿ, ಎಮ್ಮೆಲ್ಲೆ, ಎಂಪಿ. ಬಂದೂಕು ನನಗಿಂತ ಪೊಲೀಸ್ರ ಕಡಿನೇ ಹೆಚ್ಚ ಇರ್ತದ. ಆಯುಧಪೂಜಿಗಿ ಮನ್ಯಾಗ ಇದ್ರ ಅದೇ ದೊಡ್ಡದು.

ಬಂದೂಕ್_ಮಿಸ್ತ್ರಿ

ಭಾಲ್ಕಿ ತಮ್ಮಾ, ನಾನು ಕಲಬುರಗಿಯವ. ನಮ್ಮ ಮುತ್ಯಾ, ನಮ್ಮಪ್ಪ, ನಾನು, ಮೂರು ತಲಿ ಇದೇ ರಿಪೇರಿ ಕೆಲಸ. ಈಗ ಕೆಲಸ ಇಲ್ಲ, ಅದು ಬ್ಯಾರೆ ಮಾತು. ನಿಜಾಮರ ಕಾಲದ ಜಾಗೀರದಾರರ ಮನಿ ಜೋಡಿ ನಳಿಗಿ ರೈಫಲ್ ಹತ್ತಿಪ್ಪತ್ತು ನಮ್ಮ ಮೇಜಿನ ಮ್ಯಾಲ ಬಿಚ್ಚಿದ್ದು ನೆನಪದ. ಅದಕ್ಕ ಜರಾ ಉದ್ದ ಬರೀತೀನಿ, ಬ್ಯಾಸರ ಮಾಡ್ಕೋಬ್ಯಾಡ.

ಮೊದಲು ಒಂದು ತಿಳ್ಕೊ. ಜೋಡಿ ನಳಿಗಿ ಅಂದ್ರ ಒಂದು ರೈಫಲ್ ಅಲ್ಲ, ಎರಡು ರೈಫಲ್ ಒಂದೇ ಕುಂದಾಕ್ಕ ಕೂಡಿಸಿದ್ದು. ಎರಡು ನಳಿಗಿ, ಎರಡು ಲಾಕ್ (ಗುಂಡು ಹಾರಿಸೋ ಒಳಗಿನ ಯಂತ್ರ), ಎರಡು ಸ್ಪ್ರಿಂಗ್, ಎರಡು ಟ್ರಿಗರ್. ಒಂದು ಕೈಕೊಟ್ರ ಇನ್ನೊಂದು ಅದ. ಎರಡನೇ ಗುಂಡಿಗಿ ಬೋಲ್ಟ್ ಎಳೀಬೇಕಿಲ್ಲ, ಬೆರಳು ಮುಂದಿನ ಟ್ರಿಗರ್‌ನಿಂದ ಹಿಂದಿನದಕ್ಕ ಜಾರಿದ್ರ ಮುಗೀತು. ಗಿಡಗಂಟಿ ಒಳಗ ಇಪ್ಪತ್ತು ಹೆಜ್ಜಿ ದೂರದಿಂದ ಕೋಣ ಮೈಮ್ಯಾಲ ಬಂದಾಗ ಈ ಒಂದೇ ಉಪಯೋಗ. ಉಳಿದದ್ದೆಲ್ಲಾ ಶೋಕಿ. ಶೋಕಿ ತಪ್ಪಲ್ಲ, ಆದ್ರ ಶೋಕಿ ಅಂತ ಗೊತ್ತಿರಬೇಕು.

ಈಗ ಖರೆ ಗುಟ್ಟು. ಆ ಎರಡು ನಳಿಗಿ ನೋಡ್ಲಕ್ಕ ಅಣ್ತಮ್ಮರ ಹಂಗ ನೆಟ್ಟಗ ನಿಂತಾವ ಅನಸ್ತದ. ಇಲ್ಲ. ಬಾಯಿ ಕಡೆ ಒಂದರ ಕಡೆ ಒಂದು ಒಂಚೂರು ವಾಲಿರ್ತಾವ. ಯಾಕಂದ್ರ ಬಲಗಡಿದು ಹಾರಿದಾಗ ಬಂದೂಕು ಮ್ಯಾಲಕ್ಕ ಮತ್ತ ಬಲಕ್ಕ ಒದೀತದ, ಎಡಗಡಿದು ಎಡಕ್ಕ. ಗುಂಡು ಇನ್ನೂ ನಳಿಗಿ ಒಳಗ ಇದ್ದಾಗಲೇ ಈ ಒದೆತ ಶುರು ಆಗಿರ್ತದ. ಆ ವಾಲು, ಈ ಒದೆತ, ಎರಡೂ ಒಂದಕ್ಕೊಂದು ತಿಂದುಹಾಕಿದ್ರ ಎರಡೂ ಗುಂಡು ಒಂದೇ ಕಡೆ ಬೀಳ್ತಾವ. ಇದನ್ನ ಲೆಕ್ಕ ಹಾಕಿ ಮಾಡ್ಲಕ್ಕ ಬರಂಗಿಲ್ಲ. ನಳಿಗಿ ಬಾಯಾಗ ಒಂದು ಸಣ್ಣ ಬೆಣಿ ಇಟ್ಟು, ಬೆಸಿಗಿ ಹಾಕಿ, ಗುಂಡು ಹೊಡದು ನೋಡಿ, ಮತ್ತ ಬೆಸಿಗಿ ಕರಗಿಸಿ, ಬೆಣಿ ಕೂದಲೆಳಿಯಷ್ಟು ಸರಿಸಿ, ಮತ್ತ ಹೊಡೀಬೇಕು. ದಿನಗಟ್ಟಲೆ. ಇದಕ್ಕೇ ಜೋಡಿ ನಳಿಗಿಗಿ ಅಷ್ಟು ರೊಕ್ಕ, ಬೆಳ್ಳಿ ಕೆತ್ತನಿಗಿ ಅಲ್ಲ.

ಅಂದ್ರ ಏನಾತು? ಆ ರೈಫಲ್ ಯಾವ ತೋಟಾ ಹೊಡದು ಹೊಂದಿಸ್ಯಾರೋ ಅದೇ ತೋಟಾಕ್ಕ ಅದು ನಿಷ್ಠ. ಅದಕ್ಕಿಂತ ಮೆತ್ತಗಿನ ತೋಟಾ ಹಾಕಿದ್ರ ಗುಂಡು ಅಗಲ ಬೀಳ್ತಾವ, ಬಿರುಸಿಂದು ಹಾಕಿದ್ರ ಒಂದನ್ನೊಂದು ದಾಟಿ ಕತ್ತರಿ ಆಗ್ತಾವ. ಹಂಗಾಗಿ ಮಾಮಾ ಕೇಳಬೇಕಾದ ಮೊದಲನೇ ಮಾತು .470 ಹೆಚ್ಚೋ .500 ಹೆಚ್ಚೋ ಅಂತಲ್ಲ. “ಅರುಷಾದಾಗ ನನಗ ಸಿಗೋ ತೋಟಾ ಯಾವುದು, ಅದು ಈ ರೈಫಲ್‌ದಾಗ ಎರಡೂ ನಳಿಗಿಯಿಂದ ಎಲ್ಲಿ ಬೀಳ್ತದ” ಅಂತ.

ಹಳೇದರ ಬಗ್ಗೆ ನಾಳಿ ಬರೀತೀನಿ. ಬೆರಳು ನೋಯ್ಲತ್ತದ.

ಸೇಡಂ_ಟು_ಟಾಂಗಾ

ಮಿಸ್ತ್ರಿ ಕಾಕಾ ಹೇಳಿದ್ದು ನೂರಕ್ಕ ನೂರು. ನಾನು ಸೇಡಂದಾಗ ಸಿಮೆಂಟ್ ಫ್ಯಾಕ್ಟರಿದಾಗ ಇದ್ದೆ, ಈಗ ಒಂಬತ್ತು ವರ್ಷದಿಂದ ಇಲ್ಲಿ ಟಾಂಜಾನಿಯಾದ ಟಾಂಗಾದಾಗ. ಎರಡು ಸಲ ಕೋಣದ ಶಿಕಾರಿಗಿ ಹೋಗೀನಿ. ಒಂದು ಸಲ ಹೊಡದೀನಿ, ಒಂದು ಸಲ ಮಣ್ಣಾಗ ಬಿದ್ದೀನಿ.

ಬಿದ್ದ ಕಥಿ ಹೇಳ್ತೀನಿ, ಮಾಮಾಗ ಉಪಯೋಗ ಆಗ್ತದ. ಎರವಲು ತಂದ .470. ಗುರಿ ಹಲಗಿಗಿ ಹೊಡದು ನೋಡೋಣ ಅಂತ ಎರಡೂ ನಳಿಗಿ ತುಂಬಿದೆ, ಮುಂದಿನ ಟ್ರಿಗರ್ ಎಳದೆ. ಹಿಡಿತ ಸಡಿಲ ಇತ್ತು. ಬಂದೂಕು ಹಿಂದಕ್ಕ ಬಂದಾಗ ಅದೇ ಬೆರಳು ಹಿಂದಿನ ಟ್ರಿಗರ್‌ಗಿ ಬಡೀತು. ಎರಡೂ ಒಂದೇ ಸಲ ಹಾರಿದ್ವು. ಕುಂತಲ್ಲೇ ಕುಂತೆ, ಟೊಪ್ಪಿಗಿ ಎಲ್ಲೋ, ಕನ್ನಡಕ ಎಲ್ಲೋ. ಭುಜ ಹದಿನೈದು ದಿನ ಬದನಿಕಾಯಿ ಬಣ್ಣ. ಗೈಡ್ ನಗಲಿಲ್ಲ, ಅದೇ ನನಗ ಹೆಚ್ಚ ನಾಚ್ಕಿ ಆತು. ಆಮ್ಯಾಲ ಅವನೇ ಕಲಿಸಿದ: ಗುರಿ ಹಲಗಿ ಮುಂದ ಯಾವಾಗಲೂ ಒಂದೇ ನಳಿಗಿ ತುಂಬು.

ಒಂದು ಎಚ್ಚರಿಕಿ. ಎರಡೂ ಒಟ್ಟಿಗಿ ಹಾರೋದು ಎಲ್ಲಾ ಸಲ ನಮ್ಮ ಬೆರಳಿನ ತಪ್ಪೇ ಇರಂಗಿಲ್ಲ. ಹಳೇ ಲಾಕ್‌ದಾಗ ಕೊಕ್ಕಿ ಸವೆದಿದ್ರ ಒಂದರ ಧಕ್ಕಿಗಿ ಇನ್ನೊಂದು ಬಿಚ್ಚಿಕೊಳ್ತದ. ಮಾಮಾ ಆ .470 ಹೊಡದು ನೋಡೋ ಮುಂಚೆ ಇದನ್ನ ತಪಾಸಣೆ ಮಾಡಿಸಲಿ.

ಒದೆತದ ಲೆಕ್ಕ: .375ಗಿಂತ .470 ಒಂದೂವರೆ ಪಟ್ಟಿಗೂ ಹೆಚ್ಚ ಒದೀತದ, .500 ಅಂದ್ರ ಹತ್ರಹತ್ರ ಎರಡು ಪಟ್ಟು. .470ರ ಗುಂಡು 500 ಗ್ರೇನ್, ಅಂದ್ರ ನಮ್ಮ ಅಕ್ಕಸಾಲಿಗರ ಲೆಕ್ಕದಾಗ ಮೂರು ತೊಲಿಗಿ ಒಂಚೂರು ಕಡಿಮಿ. .500ದು 570 ಗ್ರೇನ್, ಮೂರು ತೊಲಿ ದಾಟ್ತದ. ಎರಡೂ ಸೆಕೆಂಡಿಗಿ ಸುಮಾರು 650 ಮೀಟರ್ ವೇಗ. ಕೋಣಕ್ಕ ಈ ಎರಡರಾಗ ಏನೂ ಫರಕ್ ಗೊತ್ತಾಗಂಗಿಲ್ಲ, ಮಾಮಾನ ಭುಜಕ್ಕ ಗೊತ್ತಾಗ್ತದ. ಮಾಮಾಗ ವಯಸ್ಸೆಷ್ಟು?

ಭಾಲ್ಕಿ_ಹುಡುಗ

ಐವತ್ತೆಂಟು. ಬಲ ಭುಜಕ್ಕ ಹ್ವಾದ ವರ್ಷ ಫಿಸಿಯೊಥೆರಪಿ ಆಗ್ಯದ. ಇದನ್ನ ಅವರು ನನಗ ಹೇಳಿಲ್ಲ, ಅತ್ತಿ ಹೇಳ್ಯಾರ.

ಸೇಡಂ_ಟು_ಟಾಂಗಾ

ಮತ್ತ .500 ಯಾಕ ಪಟ್ಟಿ ಒಳಗ ಅದ?

ಕೋಟೆ_ಕಂದಕ

ಮಧ್ಯೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ಈ .470 ಎಂಬ ವಿಚಿತ್ರ ಅಳತೆ ಹುಟ್ಟಿದ್ದಕ್ಕೆ ನಮ್ಮ ದೇಶವೇ ಕಾರಣ ಎಂದು ಎಷ್ಟು ಜನಕ್ಕೆ ಗೊತ್ತು?

1898ರಲ್ಲಿ ಇಂಗ್ಲೆಂಡಿನ ರಿಗ್ಬಿ ಕಂಪನಿ .450 ನೈಟ್ರೊ ಎಕ್ಸ್‌ಪ್ರೆಸ್ ಎಂಬ ತೋಟಾ ತಂದಾಗ ಆನೆ, ಹುಲಿಗಳ ಶಿಕಾರಿಗೆ ಅದೇ ರಾಜ. ಆದರೆ ಬ್ರಿಟಿಷರ ಸೈನ್ಯದ ಹಳೆಯ ಮಾರ್ಟಿನಿ-ಹೆನ್ರಿ ಬಂದೂಕಿನ ಗುಂಡೂ .450. ಅಂಥ ಬಂದೂಕುಗಳು ದೇಶದ ಗಡಿಗಳಲ್ಲಿ ಬೇಕಾದಷ್ಟು ಕೈ ಬದಲಾಗಿದ್ದವು. ಶಿಕಾರಿ ತೋಟಾದ ಗುಂಡು ದಂಗೆಕೋರರ ಕೈ ಸೇರಬಹುದೆಂಬ ಭಯದಿಂದ 1907ರ ಸುಮಾರಿಗೆ ಸರ್ಕಾರ ಭಾರತಕ್ಕೆ .450 ಬರುವುದನ್ನೇ ತಡೆಯಿತು. ಗಿರಾಕಿಗಳೆಲ್ಲ ಇಲ್ಲಿನ ರಾಜರು, ನವಾಬರು, ಕಲೆಕ್ಟರುಗಳು. ಬಿಡಲಾದೀತೆ? ಒಂದೊಂದು ಕಂಪನಿಯೂ ಒಂದೊಂದು ಹೊಸ ಅಳತೆ ಹೂಡಿತು: .465, .470, .475, .476. ಕೆಲಸ ಎಲ್ಲದರದ್ದೂ ಒಂದೇ. ಇವುಗಳಲ್ಲಿ .470 ಹೆಚ್ಚು ಕಂಪನಿಗಳ ಕೈಗೆ ಸಿಕ್ಕಿತು, ಹಾಗಾಗಿ ಅದರ ತೋಟಾ ಇವತ್ತಿಗೂ ಸಲೀಸಾಗಿ ಸಿಗುತ್ತದೆ.

ಇನ್ನೊಂದು. ಆಗಿನ ಕಾರ್ಡೈಟ್ ಮದ್ದು ಬಿಸಿಲಿಗೆ ಬಿರುಸಾಗುತ್ತಿತ್ತು. ಇಂಗ್ಲೆಂಡಿನ ಚಳಿಯಲ್ಲಿ ಸರಿಯಿದ್ದ ತೋಟಾ ಇಲ್ಲಿ ಒತ್ತಡ ಹೆಚ್ಚಾಗಿ ಖಾಲಿ ತೋಟಾ ನಳಿಗೆಯಲ್ಲೇ ಕಚ್ಚಿಕೊಳ್ಳುತ್ತಿತ್ತು. ಹಾಗಾಗಿ ಬಿಸಿ ದೇಶಗಳಿಗೆಂದೇ ಮದ್ದು ಕಡಿಮೆ ಹಾಕಿದ ತೋಟಾ ಮಾಡುತ್ತಿದ್ದರು. ಕಲಬುರಗಿಯ ಮೇ ತಿಂಗಳನ್ನು ಅವರು ಕಂಡಿದ್ದರೆ ಮದ್ದನ್ನೇ ಹಾಕುತ್ತಿರಲಿಲ್ಲವೇನೋ.

ಸೇಡಂ_ಟು_ಟಾಂಗಾ

ಇವತ್ತಿನ ಮದ್ದು ಅಷ್ಟು ಸೂಕ್ಷ್ಮ ಇಲ್ಲ ಖರೆ. ಆದ್ರೂ ತೋಟಾ ಜೀಪಿನ ಡ್ಯಾಶ್‌ಬೋರ್ಡ್ ಮ್ಯಾಲ ಬಿಸಲಿಗಿ ಇಡಬ್ಯಾಡ್ರಿ. ಇಲ್ಲಿ ಎಲ್ಲಾರೂ ಇಡ್ತಾರ.

ಬಂದೂಕ್_ಮಿಸ್ತ್ರಿ

ಕಂದಕ ಸಾಹೇಬ್ರ ಮಾತಿನ ಗುರುತು ನಳಿಗಿ ತೆಳಗೇ ಅದ. ಮಾಮಾಗ ಹೇಳು, ಮುಂದಿನ ಕಟ್ಟಿಗಿ ತಗದು ನಳಿಗಿ ಬಿಚ್ಚಿ, ಬುಡದಾಗ ಚಪ್ಪಟಿ ಜಾಗಾ ಇರ್ತದ, ಅದರ ಫೋಟೋ ಹೊಡೀಲಿ. .470 ಇದ್ರ “ಕಾರ್ಡೈಟ್ 75” ಮತ್ತ ಗುಂಡಿನ ತೂಕ “500” ಅಂತ ಇಂಗ್ಲಿಷ್‌ನಾಗ ಒತ್ತಿರ್ತಾರ, ಬಾಜೂಕ್ಕ ಲಂಡನ್ನಿಂದೋ ಬರ್ಮಿಂಗ್‌ಹ್ಯಾಮಿಂದೋ ಪರೀಕ್ಷಾ ಮುದ್ರಿ. ಕಾರ್ಡೈಟ್ ಮಾತೇ ಇಲ್ಲ, ಫಕ್ತ ಕರಿಮದ್ದಿನ ಮುದ್ರಿ ಅದ ಅಂದ್ರ ಆ ನಳಿಗಿಗಿ ಇವತ್ತಿನ ತೋಟಾ ತೋರಸಲೂ ಬ್ಯಾಡ್ರಿ.

ಇನ್ನ ತಪಾಸಣೆ.

ನಳಿಗಿ ಮತ್ತ ಅದರ ಹಿಂದಿನ ಗ್ವಾಡಿ ನಡುವೆ ಬೆಳಕು ಕಾಣಬಾರದು. ಮುಂದಿನ ಕಟ್ಟಿಗಿ ತಗದು, ಬಂದೂಕು ಮುಚ್ಚಿ, ನಳಿಗಿ ಹಿಡದು ಅಲ್ಲಾಡಿಸಿದ್ರ ಕಿಟಿಕಿಟಿ ಅನ್ನಬಾರದು. ಸಿಗರೇಟಿನ ತೆಳ್ಳನ ಹಾಳಿ ನಡುವೆ ಇಟ್ಟು ಮುಚ್ಚಿ ಎಳದ್ರ ಹರದು ಬರಬೇಕು. ಸಲೀಸಾಗಿ ಜಾರಿ ಬಂತಂದ್ರ ಕೀಲು ಸವದದ.

ನಳಿಗಿ ಒಳಗ ಬಲ್ಬಿನ ಬೆಳಕು ಹಿಡದು ನೋಡ್ರಿ. ಆಗಿನ ತೋಟಾದ ಟೋಪಿ ಮದ್ದು ಉಪ್ಪಿನ ಜಾತಿದು, ತುಕ್ಕು ತಿಂತದ. ನಮ್ಮ ಮುತ್ಯಾ ಹೇಳ್ತಿದ್ದ, ಶಿಕಾರಿ ಮುಗಿಸಿ ಬಂದ ಕೂಡ್ಲೇ ಚಾದ ಕಿಟ್ಲಿಲೆ ಕುದಿಯೋ ನೀರು ನಳಿಗಿ ಒಳಗ ಹೊಯ್ದು ತೊಳೀತಿದ್ರು, ಆಮ್ಯಾಲ ಎಣ್ಣಿ. ತೊಳ್ಯಾರೋ ಇಲ್ಲೋ ಅನ್ನೋದು ತೊಂಬತ್ತು ವರ್ಷ ಆದಮ್ಯಾಲೂ ಕಾಣ್ತದ.

ಎಲ್ಲಾಕ್ಕಿಂತ ದೊಡ್ಡ ಪರೀಕ್ಷಾ ಈಗ ಹೇಳ್ತೀನಿ. ನಳಿಗಿ ಪೂರಾ ಬಿಚ್ಚಿ, ಬುಡದ ಕೊಕ್ಕಿ ಒಳಗ ಒಂದು ಬೆರಳು ಹಾಕಿ ತೂಗುಬಿಡು. ಇನ್ನೊಂದು ಕೈಯಿ ಬೆರಳ ಗೆಣ್ಣಿಲೆ ಬಡಿ. ಸಂತ್ಯಾಗ ಗಡಿಗಿ ತಗೊಳ್ಳಾಗ ಅವ್ವಂದಿರು ಬಡದು ನೋಡ್ತಾರಲ್ಲ, ಹಂಗೇ. ಗುಡಿ ಗಂಟಿ ಹಂಗ ಖಣ್ಣ್ ಅಂತ ಉದ್ದಕ ದನಿ ಬಂದ್ರ ಎರಡು ನಳಿಗಿ ಕೂಡಿಸೋ ನಡುವಿನ ಪಟ್ಟಿ ಬೆಸಿಗಿ ಗಟ್ಟಿ ಅದ. ಬದ್ ಅಂತು, ಇಲ್ಲಾ ಒಳಗ ಜುಂಯ್ ಅಂತು ಅಂದ್ರ ಬೆಸಿಗಿ ಬಿಟ್ಟದ. ಬೆಸಿಗಿ ಬಿಟ್ಟ ಜೋಡಿ ನಳಿಗಿ ಇವತ್ತು ಒಂದು ಕಡೆ ಹೊಡೀತದ, ನಾಳಿ ಒಂದು ಕಡೆ.

ಮತ್ತೊಂದು ಮಾತು. ಈಗ ಪೂರಾ ಹಿತ್ತಾಳಿ, ತಾಮ್ರದ ಗಟ್ಟಿ ಗುಂಡು ಬರ್ತಾವ. ಹಳೇ ತೆಳ್ಳನ ನಳಿಗಿಗಿ ಅವು ಆಗಿ ಬರಂಗಿಲ್ಲ, ಒಳಗಿನ ತೋಡು ಹೊರಗ ಉಬ್ಬಿ ಕಾಣ್ತದ. ಸೀಸದ ಹೊಟ್ಟಿ ಇದ್ದ ಗುಂಡೇ ಹಾಕಬೇಕು.

ಸುರಪುರ_ಪೋರ

ಮಿಸ್ತ್ರಿ ಕಾಕಾ, ನಂದೂ ಒಂದು ಪ್ರಶ್ನೆ. ನಮ್ಮ ಮುತ್ಯಾ ಹ್ವಾದ ಕಾರ್ತೀಕದಾಗ ತೀರಿಕೊಂಡ. ಅವನ ಕಟ್ಟಿಗಿ ಪೆಟ್ಟಿಗಿ ಒಳಗ ಒಂದು ಜೋಡಿ ನಳಿಗಿ ಅದ. ಹಿಂದ ಎರಡು ಸುತ್ತಿಗಿ ಹಂಗ ಕಿವಿ ಅವ. ನಳಿಗಿ ತುಂಬಾ ನೀರಿನ ತೆರಿ ಹಂಗ ಗೆರಿ. ನಾವು ಬಿದರಿ ಕೆಲಸ ಅಂತ ತಿಳ್ಕೊಂಡೀವಿ. ಇದು ಹುಲಿ ಹೊಡೆಯೋ ರೈಫಲ್ಲಾ? ಎಷ್ಟು ಬಾಳ್ತದ? ದಸರಾಕ್ಕ ಒಂದು ಬಾರ್ ಹಾರಿಸಬಹುದಾ?

ಬಂದೂಕ್_ಮಿಸ್ತ್ರಿ

ಹಾರಿಸಬ್ಯಾಡ! ಮೊದಲು ಅದನ್ನ ಕೆಳಗ ಇಡು.

ಅದು ಬಿದರಿ ಅಲ್ಲ ಪೋರಾ. ಕಬ್ಬಿಣ, ಉಕ್ಕು ಎರಡರ ಪಟ್ಟಿ ಹುರಿ ಹಂಗ ತಿರುವಿ, ಸರಳಿಗಿ ಸುತ್ತಿ, ಕಾಯಿಸಿ ಬಡದು ಮಾಡಿದ ನಳಿಗಿ. ಡಮಾಸ್ಕಸ್ ಅಂತಾರ. ಕರಿಮದ್ದಿನ ಕಾಲದ್ದು. ಸುರುಳಿ ಸಂದಿನಾಗ ಒಳಗೊಳಗೇ ತುಕ್ಕು ಹಿಡದಿರ್ತದ, ಹೊರಗ ಕಾಣಂಗಿಲ್ಲ. ಇವತ್ತಿನ ತೋಟಾ ಹಾಕಿ ಹೊಡದ್ರ ಎಡಗೈ ಬೆರಳು ಹೋಗ್ತಾವ. ಮತ್ತ ಒಳಗ ತೋಡು ಇಲ್ಲದ ನುಣ್ಣನ ನಳಿಗಿ ಇದ್ರ ಅದು ರೈಫಲ್ ಅಲ್ಲ, ಬಂದೂಕು.

ಬಾಳೋದು ಆಮ್ಯಾಲ. ಲೈಸನ್ಸ್ ಪುಸ್ತಕ ಅದನಾ?

ಸುರಪುರ_ಪೋರ

ಮುತ್ಯಾನ ಹೆಸರಿಲೆ ಒಂದು ಪುಸ್ತಕ ಅದ. ಹಾಳಿ ಹರದಾವ. ನವೀಕರಣ ಯಾವಾಗ ಮಾಡಿಸ್ಯಾನೋ ಓದಾಕ ಬರವಲ್ದು.

ನಿವೃತ್ತ_ಆರ್‌ಎಫ್‌ಒ

ಮಗು, ಇದನ್ನು ಇವತ್ತೇ ಮಾಡು, ದಸರಾಕ್ಕೆ ಕಾಯಬೇಡ. ಲೈಸನ್ಸ್‌ದಾರ ತೀರಿಕೊಂಡ ಮೇಲೆ ಮನೆಯಲ್ಲಿರುವ ಆಯುಧಕ್ಕೆ ಆ ಪುಸ್ತಕ ರಕ್ಷಣೆ ಕೊಡುವುದಿಲ್ಲ. ಅಪ್ಪನನ್ನು ಕರೆದುಕೊಂಡು ಠಾಣೆಗೆ ಹೋಗಿ, ಮರಣ ಪ್ರಮಾಣಪತ್ರ ತೋರಿಸಿ, ಜಮಾ ಮಾಡಿ ರಸೀದಿ ತಗೋ. ಬೇಕಿದ್ದರೆ ಲೈಸನ್ಸ್ ಇರುವ ಡೀಲರ್ ಹತ್ತಿರವೂ ಜಮಾ ಇಡಬಹುದು. ಆಮೇಲೆ ವಾರಸುದಾರರ ಹೆಸರಿಗೆ ಡಿಸಿ ಆಫೀಸಿನಲ್ಲಿ ಅರ್ಜಿ. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಆಯುಧ, ಲೈಸನ್ಸ್ ಅವಧಿ ಐದು ವರ್ಷ. ಪೆಟ್ಟಿಗೆಯ ಫೋಟೋ ಎಲ್ಲೂ ಹಾಕಬೇಡ.

ಸುರಪುರ_ಪೋರ

ಸ್ಟೇಟಸ್‌ನಾಗ ಹಾಕಿದ್ದೆ. ತೆಗೀಲತ್ತೀನಿ.

ಸೇಡಂ_ಟು_ಟಾಂಗಾ

ಮಿಸ್ತ್ರಿ ಕಾಕಾ, ಒಂದು ಮಾತಿಗಿ ನಿಮ್ಮ ಅಭಿಪ್ರಾಯ ಬೇಕು. ಇಜೆಕ್ಟರ್ (ಖಾಲಿ ತೋಟಾ ತಾನೇ ಹೊರಗ ಹಾರಿಸೋ ಸಾಧನ) ಇದ್ದದ್ದು ಒಳ್ಳೇದೋ ಇಲ್ಲದ್ದೋ? ಇಲ್ಲಿ ಹಳೇ ಶಿಕಾರಿಗಳು ಇಲ್ಲದ್ದೇ ಬೇಕು ಅಂತಾರ. ಬಂದೂಕು ಮುರಿದು ತೆರೆದ ಕೂಡ್ಲೇ ಖಾಲಿ ತೋಟಾ ಟಿಣ್ಣ್ ಅಂತ ಹಾರೋ ಸಪ್ಪಳಕ್ಕ ಗಾಯದ ಕೋಣ ನಮ್ಮ ಜಾಗಾ ಪತ್ತಿ ಹಚ್ತದಂತ.

ಬಂದೂಕ್_ಮಿಸ್ತ್ರಿ

.470 ಹಾರಿದ ಸಪ್ಪಳ ಕೇಳಿದ ಕೋಣಕ್ಕ ಆ ಟಿಣ್ಣ್ ಯಾಕ ಬೇಕಪ್ಪಾ? ಇಜೆಕ್ಟರ್ ಇರಬೇಕು. ಮುರದ್ರ ಖಾಲಿ ತೋಟಾ ತಾನೇ ಹಾರಿ ಹೋಗಬೇಕು, ಎರಡು ಹೊಸಾವು ಬೀಳಬೇಕು. ಕೈ ನಡಗಾಗ ಉಗುರಿಲೆ ಕೀಳ್ತಾ ಕುಂದ್ರಲಕ್ಕ ಆಗಂಗಿಲ್ಲ.

ಸೇಡಂ_ಟು_ಟಾಂಗಾ

ಇಲ್ಲ ಕಾಕಾ. ಇಜೆಕ್ಟರ್ ಅಂದ್ರ ಮತ್ತೆರಡು ಸ್ಪ್ರಿಂಗ್, ಮತ್ತೆರಡು ಕೊಕ್ಕಿ. ಕೆಡಲಕ್ಕ ಮತ್ತೆ ನಾಲ್ಕು ಕಾರಣ. ಇಲ್ಲದ್ದನ್ನ ಬಾನಕಡೆ ಬಾಯಿ ಮಾಡಿ ಮುರದ್ರ ತೋಟಾ ತಾವೇ ಜಾರಿ ಬೀಳ್ತಾವ.

ಬಂದೂಕ್_ಮಿಸ್ತ್ರಿ

ಬಿಸಿ ತೋಟಾ ಉಬ್ಬಿ ಕಚ್ಚಿಕೊಂಡಾಗ ಜಾರಿ ಬೀಳ್ತಾವೇನು? ನೀನು ಬಿದ್ದದ್ದು ಒಂದೇ ಸಲ, ಅದಕ್ಕ ಹಿಂಗ ಮಾತಾಡ್ತಿ.

ಸೇಡಂ_ಟು_ಟಾಂಗಾ

😄 ಆತ್ರಿ.

ಕೋಟೆ_ಕಂದಕ

ಭಾಲ್ಕಿ ಅವರೇ, ಭುಜದ ತೊಂದರೆ ಇರುವವರಿಗೆ .450/400 ಎಂಬ ಒಂದು ಜೋಡಿ ನಳಿಗೆ ಇದೆ. 400 ಗ್ರೇನ್ ಗುಂಡು, ಒದೆತ .470ಗಿಂತ ಎಷ್ಟೋ ಕಡಿಮೆ. ಕುಮಾವೂಂ ಬೆಟ್ಟಗಳಲ್ಲಿ ಕಾರ್ಬೆಟ್ ಸಾಹೇಬರ ಹೆಗಲ ಮೇಲೆ ಇದ್ದದ್ದು ಇದೇ ಅಳತೆಯ ಜೆಫ್ರಿ ರೈಫಲ್. ನರಭಕ್ಷಕರಿಗೆ ಸಾಕಾದದ್ದು ನಿಮ್ಮ ಮಾಮನಿಗೆ ಸಾಲದೆ?

ಸೇಡಂ_ಟು_ಟಾಂಗಾ

ಚೊಲೊ ಸಲಹಾ. ಆದ್ರ ಹುಲಿ ಚರ್ಮ ಬ್ಯಾರೆ, ಕೋಣದ ಚರ್ಮ ಬ್ಯಾರೆ. ಗುಂಡು ಗಟ್ಟಿದು ಇದ್ರ .450/400 ಕೋಣಕ್ಕೂ ನಡೀತದ, ಇಲ್ಲಿ ಭಾಳ ಮಂದಿ ಹೊಡೀತಾರ. ಆ ಜರ್ಮನ್ .500ದಾಗ ಒಂದು ಒಳ್ಳೆ ಗುಣಾನೂ ಅದ: ಕೆಲವು ಜರ್ಮನ್ ರೈಫಲ್‌ನಾಗ ಸೇಫ್ಟಿ ಬದಲಿ ಹೆಬ್ಬೆರಳಿಲೆ ಒತ್ತಿ ಸ್ಪ್ರಿಂಗ್ ಏರಿಸೋ ಗುಂಡಿ ಇರ್ತದ. ಏರಿಸೋ ತನಕ ಒಳಗ ಏನೂ ಬಿಗಿದಿರಂಗಿಲ್ಲ, ಎಡವಿ ಬಿದ್ರೂ ಹಾರಂಗಿಲ್ಲ. ಆದ್ರ ಅದನ್ನ ಒತ್ತಲಕ್ಕ ಬಲ ಬೇಕು. ಅಂಗಡ್ಯಾಗ ನಿಂತು ಒತ್ತೋದು ಬ್ಯಾರೆ, ಕೋಣ ಎದುರಿಗಿ ನಿಂತಾಗ ಒತ್ತೋದು ಬ್ಯಾರೆ.

ಭಾಲ್ಕಿ_ಹುಡುಗ

ಹದಿನೆಂಟು ದಿನ ಆದಮ್ಯಾಲ ಬರ್ಲತ್ತೀನಿ, ಬೈಬ್ಯಾಡ್ರಿ. ಸೋಯಾ ರಾಶಿ ಇತ್ತು.

ನಿನ್ನಿ ರಾತ್ರಿ ಮಾಮಾ ವಿಡಿಯೊ ಕಾಲ್ ಮಾಡಿದ್ರು. .470 ಮನಿಗಿ ತಂದಿದ್ರು. ಮಿಸ್ತ್ರಿ ಕಾಕಾ ಬರದದ್ದು ನಾನು ಓದ್ಕೊಂತ ಹ್ವಾದೆ, ಅವರು ಒಂದೊಂದೇ ಮಾಡಿದ್ರು. ಮುದ್ರಿ ಸರಿ ಅದ, 75, 500 ಎರಡೂ ಕಾಣಸ್ತು. ಬೆಳಕು ಕಾಣ್ಲಿಲ್ಲ. ಹಾಳಿ ಹರೀತು. ಮಾಮಾನ ಮುಖ ಅರಳಿ ದೊಡ್ಡದಾತು.

ಆಮ್ಯಾಲ ನಳಿಗಿ ಬೆರಳಿಗಿ ತೂಗುಹಾಕಿ ಬಡದ್ರು. ಫೋನ್‌ದಾಗ ನನಗ ಸರಿ ಕೇಳ್ಲಿಲ್ಲ, ಮತ್ತ ಬಡೀರಿ ಅಂದೆ. ಬದ್. ಅಡಗಿ ಮನ್ಯಾಗಿಂದ ಅತ್ತಿ ಕೂಗಿದ್ರು: “ಒಡದ ಗಡಿಗಿ ಯಾರು ತಂದೀರಿ?” ಖರೆ ಹೇಳ್ತೀನಿ, ಅವರಿಗಿ ಏನು ನಡದದ ಅಂತ ಗೊತ್ತೇ ಇರಲಿಲ್ಲ.

ಇವತ್ತು ಅದನ್ನ ವಾಪಸ್ ಕೊಟ್ಟಾರ. .500 ಒಂದು ಬಾರ್ ಹೊಡದು ನೋಡ್ಯಾರ, ಎರಡನೇದು ಹೊಡ್ದಿಲ್ಲ. ಹ್ಯಾಂಗಿತ್ತು ಅಂದ್ರ “ಚೊಲೊ ಅದ, ಚೊಲೊ ಅದ” ಅಂತ ಎಡಗೈಲೆ ಫೋನ್ ಹಿಡದು ಮಾತಾಡಿದ್ರು. ಈ ಸಲಕ್ಕ .375 ತಗೋತಾರಂತ. .450/400 ಎಲ್ಲೆರೆ ಸಿಕ್ರ ಮುಂದಿನ ವರ್ಷ ನೋಡೋಣ ಅಂದಾರ. ಗೈಡ್‌ಗಿ ಕೇಳಿದ್ರ ಅವನಿಗಿ ಭಾಳ ಖುಷಿ ಆತಂತ.

ಬಂದೂಕ್_ಮಿಸ್ತ್ರಿ

ಶ್ಯಾಣ್ಯಾ ಅತ್ತಿ. ತಮ್ಮಾ, ಆ .470 ಮಾಲಕನಿಗಿ ಒಂದು ಮಾತು ಮುಟ್ಟಿಸು: ಹಂಗೇ ಹೊಡೀಬ್ಯಾಡಂತ, ಇನ್ನೊಬ್ಬರಿಗಿ ಮಾರೂಬ್ಯಾಡಂತ. ಪಟ್ಟಿ ತಗದು ಮತ್ತ ಬೆಸಿಗಿ ಹಾಕಿ, ಮತ್ತ ಹೊಡದು ಹೊಂದಿಸಿದ್ರ ಅದು ಇನ್ನೊಂದು ನೂರು ವರ್ಷ ಬಾಳ್ತದ. ಆದ್ರ ಗ್ಯಾಸ್ ವೆಲ್ಡಿಂಗಿನವನ ಕಡಿ ಒಯ್ದು ಅಂಟಿಸಬಾರದು. ನಮ್ಮಲ್ಲಿ ಒಬ್ಬರು ಹಂಗ ಮಾಡಿ ತಂದು ನನ್ನ ಮೇಜಿನ ಮ್ಯಾಲ ಇಟ್ಟಿದ್ರು. ನಮ್ಮಪ್ಪ ಅವತ್ತು ಊಟ ಮಾಡಲಿಲ್ಲ.

ಭಾಲ್ಕಿ_ಹುಡುಗ

ಮುಟ್ಟಸ್ತೀನ್ರಿ ಕಾಕಾ. .375ಗಿ ತೋಟಾ ಯಾವುದು ಅಂತ ಮಾಮಾ ಕೇಳ್ಲತ್ತಾರ. ಅದಕ್ಕ ಬ್ಯಾರೆ ಚರ್ಚಾ ತೆಗೀಲೇನು?

ಚಿಂಚೋಳಿ_ತೋಳ

ಕ್ಯಾಮೆರಾದ್ದು ತೆಗೀರಿ, ನಾನೂ ಬರ್ತೀನಿ.